ನನ್ನದರಲ್ಲಿ ಇಲ್ಲದ ಪೀಕ್

ನನ್ನಲ್ಲಿ ಏನೋ ಒಂದು ಇಲ್ಲವೇನೋ ಎಂಬ ಅಳುಕು ನನಗೆ ಮೊದಲಿನಿಂದಲೂ ಇತ್ತು. ಲ್ಯಾಬಿನಲ್ಲಿ ರೋಗಿಗಳ ರಕ್ತದ ಜೊತೆ ಹೋಲಿಕೆಗೆಂದು ನಾವೆಲ್ಲ ನಮ್ಮ ರಕ್ತವನ್ನೇ ಕೊಟ್ಟಿದ್ದೆವು. ರಕ್ತದಲ್ಲಿರುವ ಅಣುಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಎಲ್ಲರ ರಕ್ತದಲ್ಲೂ ತೋರಿಸಿದ ಒಂದು ಪೀಕ್, ಅಂದರೆ ಗ್ರಾಫಿನಲ್ಲಿ ಒಂದು ವಸ್ತುವಿನ ಗುರುತಾಗಿ ಏಳುವ ಮೊನೆ, ನನ್ನದರಲ್ಲಿ ಮಾತ್ರ ಇರಲಿಲ್ಲ.

"ಪಟ್ಟಿಯಲ್ಲಿ ನಿನ್ನ ಅಂಕಿಯ ಜಾಗ ಖಾಲಿ ಬಿಟ್ಟರೆ ಲೆಕ್ಕ ಮುಂದಕ್ಕೆ ಹೋಗಲ್ಲ ಕಣೇ. ಉಳಿದವರಲ್ಲಿ ಎಲ್ಲಕ್ಕಿಂತ ಕಡಿಮೆ ಬಂದಿರೋ ಅಂಕಿಯ ಅರ್ಧ ತುಂಬಿಬಿಡು, ನೀನೂ ಮನುಷ್ಯಳಾಗ್ತೀಯ!" ಅಂತ ನಗುತ್ತ ಸೀನಿಯರ್ ಅಕ್ಕ ಊಟಕ್ಕೆ ಹೋದರು.

ಅವರು ಹೇಳಿದಂತೆ ನಾನು ಆ ಅಂಕಿ ತುಂಬಿದೆ. ಎದ್ದು ಹೊರಟರೆ, ತಾನಾಗಿ ಸರಿಯುವ ಗಾಜಿನ ಬಾಗಿಲು ನನಗೆ ಸರಿಯಲಿಲ್ಲ. ಕೈ ಬೀಸಿದೆ, ಕುಣಿದೆ. ಕೋಣೆಯಲ್ಲಿ ಯಾರೂ ಇಲ್ಲವೆಂಬಂತೆ ದೀಪಗಳು ಆರಿದವು. ಗಾಜಿನಾಚೆ, ಕಾರಿಡಾರಿನ ತುದಿಯಲ್ಲಿ ನನಗಾಗಿ ಕಾಯುತ್ತಿದ್ದ ಅಕ್ಕ ನನ್ನತ್ತಲೇ ನೋಡುತ್ತ, "ಎಲ್ಲಿ ಹಾಳಾದಳು ಇವಳು?" ಅಂದರು. ತಣ್ಣನೆಯ ಗಾಜಿಗೆ ಬಾಯಿ ತಾಗಿಸಿದರೂ ಉಸಿರಿನ ಮಬ್ಬು ಕೂರಲಿಲ್ಲ. ಸುಳ್ಳು ಅಂಕಿ ತುಂಬಿ ನನ್ನನ್ನು ನಾನೇ ಅಳಿಸಿಕೊಂಡಿದ್ದೆ ಎಂದು ಆಗ ಹೊಳೆಯಿತು.

"ಅಕ್ಕಾ," ಎಂದು ಕೂಗಿದೆ, "ಆ ಅಂಕಿ ನಾನು ತುಂಬಿದ್ದು. ನನ್ನಲ್ಲಿ ಅದು ಇಲ್ಲ."