ಕಾಶವ್ವನ ಹಣೆ

"ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬನ್ನಿ. ಎದುರಿಗೆ ಕೂತ್ರೆ ಹತ್ತೇ ನಿಮಿಷ. ಫೋಟೋ ನೋಡಿ ಚಿತ್ರ ಬರೆದ್ರೆ ಸಪ್ಪೆ ಆಗತ್ತೆ," ಎಂದು ಮಧುರಾ ನಗುತ್ತಾ ಹೇಳಿದಳು.

ಮೇಜಿನ ಆಚೆ ನಿಂತಿದ್ದವನು ನಗಲಿಲ್ಲ.

"ಬರೂ ಹಂಗಿಲ್ಲರಿ. ಹ್ವಾದ ದೀಪಾವಳಿಗಿಂತ ಮೊದಲ ತೀರಿಕೊಂಡ್ಲು."

ಅದು ೨೦೧೫ರ ಯುಗಾದಿ. ಡಾಲಸ್‌ನ ಕನ್ನಡದವರು ಲಾಸ್ ಕೊಲಿನಾಸ್ ಹತ್ತಿರದ ಶಾಲೆಯೊಂದರ ಹಾಲ್ ಹಿಡಿದು ಹಬ್ಬ ಮಾಡುತ್ತಿದ್ದರು. ಸ್ಟೇಜಿನ ಮೇಲೆ ಮಕ್ಕಳ ಡ್ಯಾನ್ಸ್, ಹಿಂದುಗಡೆ ಹೋಳಿಗೆಯ ಕ್ಯೂ. ಮೈಸೂರಿನಿಂದ ಬಂದು ಆಸ್ಟಿನ್‌ನಲ್ಲಿ ಚಿತ್ರಕಲೆ ಮತ್ತು ಫ್ರೆಂಚ್ ಓದುತ್ತಿದ್ದ ಮಧುರಾ, ಒಂದು ಮೂಲೆಯಲ್ಲಿ ಕೂತು ಮಕ್ಕಳ ಮುಖ ಬರೆದುಕೊಡುತ್ತಿದ್ದಳು. ಈಗ ಕೈಯಲ್ಲಿದ್ದ ಪೆನ್ಸಿಲನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ, ಕಿವಿ ಕೆಂಪಾಯಿತು.

"ಸಾರಿ. ನನಗೆ ಗೊತ್ತಿರಲಿಲ್ಲ."

"ನಿಮಗ ಹೆಂಗ ಗೊತ್ತಾಗಬೇಕು ಬಿಡ್ರಿ." ಅವನು ಎರಡು ಇಂಚಿನ ಚೌಕ ಫೋಟೋವನ್ನು ಮೇಜಿನ ಮೇಲಿಟ್ಟ. "ಊರ ಮನ್ಯಾಗ ಹಳೇವು ಅದಾವು. ಇದು ಕಡೀದು. ನನ್ನ ನೋಡಾಕ ಬರಬೇಕಂತ ವೀಸಾಕ್ಕ ತಗಿಸಿದ್ದು. ಎಂಟು ವರ್ಷದಾಗ ನಾನು ಊರಿಗೆ ಹೋಗಿಲ್ಲ. ಈ ಮುಖ ನಾನು ಕಣ್ಣಾರೆ ನೋಡಿಲ್ಲರಿ."

ಅವನ ಹೆಸರು ಶ್ರೀಶೈಲ್. ಊರು ಗದಗ, ಕೆಲಸ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಬಡಾವಣೆಯ ಒಂದು ತೈಲ ಕಂಪನಿಯಲ್ಲಿ. ತಾಯಿ ಕಾಶವ್ವ ತೀರಿಕೊಂಡ ವಾರ ಅವನ ವೀಸಾ ಕಾಗದ ಇನ್ನೂ ಸರ್ಕಾರಿ ಆಫೀಸಿನಲ್ಲೇ ಇತ್ತು. ಈಗ ಹೋದರೆ ತಿರುಗಿ ಬರುವ ಭರವಸೆಯಿಲ್ಲ ಎಂದಿದ್ದರು ವಕೀಲರು. ಅವನು ಅವರ ಮಾತು ಕೇಳಿದ. ಮಣ್ಣು ಕೊಡುವುದನ್ನು ಫೋನಿನಲ್ಲಿ ನೋಡಿದ. ನಡುವೆ ನೆಟ್‌ವರ್ಕ್ ಹೋಯಿತು.

"ವರ್ಷದ ಕಾರ್ಯಕ್ಕ ಬೇಕ್ರಿ. ಅಕ್ಟೋಬರ್ ತನಕ ಟೈಮ್ ಐತಿ."

ಮಧುರಾ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು. ಬೋಳು ಹಣೆ, ಬಿಗಿದ ತುಟಿ, ಕ್ಯಾಮೆರಾಗೆ ಹೆದರಿದ ಕಣ್ಣು.

"ಶನಿವಾರ ಆಸ್ಟಿನ್‌ಗೆ ಬರೋಕಾಗತ್ತಾ?" ಎಂದಳು.

ಅವಳ ಚಿತ್ರಕಲೆ ಕ್ಲಾಸಿನಲ್ಲಿ ಒಂದು ನಿಯಮವಿತ್ತು. ಇಡೀ ವರ್ಷಕ್ಕೆ ಒಂದೇ ದಪ್ಪ ಹಾಳೆ. ಅದರ ಮೇಲೆ ಇದ್ದಿಲಿನಲ್ಲಿ ಒಂದೇ ಮುಖ ಬರೆಯಬೇಕು. ಸರಿಬರದಿದ್ದರೆ ಮೆತ್ತನೆ ಬಟ್ಟೆಯಿಂದ ಅಳಿಸಿ, ಅದರ ಮೇಲೆಯೇ ಮತ್ತೆ ಬರೆಯಬೇಕು. ಹಾಳೆ ಹರಿಯುವ ಹಾಗಿಲ್ಲ. ಅವಳು ಆ ಹಾಳೆಯನ್ನು ಕಾಶವ್ವನಿಗೆ ಕೊಟ್ಟಳು.

ಪ್ರತಿ ಶನಿವಾರ ಬೆಳಿಗ್ಗೆ ಅವನು ಮೂರು ತಾಸು ಡ್ರೈವ್ ಮಾಡಿಕೊಂಡು ಅವಳ ಕಾಲೇಜಿನ ಚಿತ್ರಕಲೆ ಕೋಣೆಗೆ ಬರುತ್ತಿದ್ದ. ಡಬ್ಬಿಯಲ್ಲಿ ಅವನೇ ತಟ್ಟಿದ ರೊಟ್ಟಿ, ಶೇಂಗಾ ಚಟ್ನಿಪುಡಿ. ಹಾಸ್ಟೆಲ್ ಊಟದಲ್ಲಿ ಸೊರಗಿದ್ದ ಮಧುರಾ ಕೈ ತೊಳೆಯದೆಯೇ ತಿನ್ನಲು ಕೂತರೆ, "ಇದ್ದಲಿ ಹೊಟ್ಟ್ಯಾಗ ಹೊಕ್ಕೈತಿ, ನಾಳೆ ಫ್ರೆಂಚ್ ಕಪ್ಪಗ ಬರ್ತೈತಿ ನೋಡ್ರಿ," ಎನ್ನುತ್ತಿದ್ದ.

"ಅಮ್ಮಂಗೆ ಸಿಟ್ಟು ಬಂದ್ರೆ ಮುಖ ಹೇಗಾಗ್ತಿತ್ತು? ಮಾಡಿ ತೋರ್ಸಿ."

ಅವನು ಹುಬ್ಬು ಗಂಟಿಕ್ಕಿ ಗದ್ದ ಮುಂದಕ್ಕೆ ಚಾಚಿದ.

"ಸ್ವಲ್ಪ ಎಡಕ್ಕೆ. ಹಾಂ, ಅಲ್ಲಾಡಬೇಡಿ."

"ಎಷ್ಟೊತ್ರಿ ಸಿಟ್ಟು ಮಾಡೂದು? ನಿಮ್ಮನ್ನ ನೋಡಿದ್ರ ಸಿಟ್ಟು ನಿಲ್ಲೂದಿಲ್ಲ."

ಅವಳು ತಲೆಯೆತ್ತದೆ ಗೆರೆ ಎಳೆದಳು. ತಾಯಿಯ ಗದ್ದಕ್ಕಾಗಿ ಮಗನ ಗದ್ದ, ತಾಯಿಯ ರೆಪ್ಪೆಗಾಗಿ ಮಗನ ರೆಪ್ಪೆ. ನೋಡಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಸಿಕ್ಕರೆ, "ಶೇಡಿಂಗ್ ನೋಡ್ತಿದ್ದೆ," ಎನ್ನುತ್ತಿದ್ದಳು. "ನೋಡ್ರಿ, ಬ್ಯಾಡ ಅಂದೋರು ಯಾರು?" ಎನ್ನುತ್ತಿದ್ದ ಅವನು.

ಸೋಮವಾರ ಎಂಟಕ್ಕೆ ಫ್ರೆಂಚ್ ಕ್ಲಾಸ್. ವಾರಾಂತ್ಯ ಏನು ಮಾಡಿದಿರಿ ಎಂದು ಟೀಚರ್ ಒಬ್ಬೊಬ್ಬರನ್ನೇ ಕೇಳುವುದು ರೂಢಿ. ಮಧುರಾಳ ಉತ್ತರ ಪ್ರತಿ ವಾರ ಅದೇ: ಶನಿವಾರ ಒಂದು ಮುಖ ಬರೆದೆ. ಇನ್ನೂ ಮುಗಿದಿಲ್ಲ.

ಮೂರನೆಯ ಶನಿವಾರವೇ ಅದು ಮುಗಿದಿತ್ತು.

ಅವತ್ತು ಫೋನ್ ಬಂತೆಂದು ಅವನು ಕಾರಿಡಾರಿಗೆ ಹೋಗಿದ್ದ. ಮಧುರಾ ಹಾಳೆಯ ಮೇಲಂಚು ಹಿಡಿದು ಓರೆ ಮಾಡುವಾಗ ಕೈಜಾರಿ ಬೆರಳು ಚಿತ್ರದ ಹಣೆಗೆ ತಗುಲಿತು. ಅಲ್ಲಿ ಇದ್ದಿಲು ಸರಿದು ಬಿಳಿಚಿಕೊಂಡಿತು. ಛೆ, ಕೆಟ್ಟಿತು ಎಂದುಕೊಂಡು ಎರಡು ಹೆಜ್ಜೆ ಹಿಂದೆ ಬಂದವಳು ಹಾಗೇ ನಿಂತಳು. ಎಂದೂ ಕಾಣದ ಹೆಂಗಸೊಬ್ಬಳು ಹಾಳೆಯೊಳಗಿಂದ, ಉಂಡೆಯೇನವ್ವಾ ಎಂದು ಕೇಳುವ ಹಾಗೆ ನೋಡುತ್ತಿದ್ದಳು. ಏಕೆ ಹಾಗೆ ಕಾಣುತ್ತಿದೆ ಎಂಬುದು ಮಧುರಾಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ. ಮುಗಿದರೆ ಅವನಿನ್ನು ಬರುವುದಿಲ್ಲ.

ಹೊರಗೆ ಅವನ ಹೆಜ್ಜೆ ಸದ್ದು ಕೇಳಿಸಿತು. ಅವಳು ಬಟ್ಟೆ ಎತ್ತಿಕೊಂಡು ಒಂದೇ ಸಲ ಒರೆಸಿಬಿಟ್ಟಳು.

"ಬಂತೇನ್ರಿ ಅವ್ವನ ಮುಖ?"

"ಇಲ್ಲ. ಮುಂದಿನ ಶನಿವಾರ ನೋಡೋಣ."

ಆ ಮುಖ ಮತ್ತೆ ಬರಲಿಲ್ಲ. ಮೇ, ಜೂನ್, ಜುಲೈ. ಬರೆದಳು, ಅಳಿಸಿದಳು. ಈಗ ನಿಜವಾಗಿಯೂ ಮುಗಿಸಬೇಕೆಂದು ಬರೆಯುತ್ತಿದ್ದಳು. ಕೈಗೆ ಸಿಗುತ್ತಿದ್ದುದು ಫೋಟೋದ ಆ ಹೆದರಿದ ಹೆಂಗಸು ಮಾತ್ರ. ಹಾಳೆ ಬೂದಿಬಣ್ಣಕ್ಕೆ ತಿರುಗಿತು. ಅಳಿಸಿದ ಮುಖಗಳೆಲ್ಲ ಅಡಿಯಲ್ಲಿ ಮಸುಕಾಗಿ ಉಳಿದವು.

ಸೆಪ್ಟೆಂಬರಿನ ಕೊನೆಯ ಶನಿವಾರ ಅವನು ಡಬ್ಬಿ ಇಲ್ಲದೆ ಬಂದ.

"ಕಂಪನಿ ಕೆಲಸದಿಂದ ತಗಿಯೋರ ಲಿಸ್ಟ್‌ನಾಗ ನನ್ನ ಹೆಸರು ಬಂತ್ರಿ. ಎಣ್ಣಿ ರೇಟ್ ಬಿತ್ತು, ನಾವೂ ಬಿದ್ವಿ. ವೀಸಾ ಕೆಲಸದ ಮ್ಯಾಲೇ ಐತಿ. ಊರಿಗೆ ಹೊಂಟೀನಿ." ಹಾಳೆಯತ್ತ ತಿರುಗಿದ. "ಇನ್ನೊಂದು ಹೇಳ್ಲ್ಯಾ? ಕಣ್ಣು ಮುಚ್ಚಿದ್ರ ಈಗ ಅವ್ವನ ಮುಖ ಬರೂದಿಲ್ಲ. ನೀವು ಬರದ ಗೆರೀನ ಬರ್ತಾವು. ಮರಿಯಾಕ ಹತ್ತೀನೇನೋ."

ಮಧುರಾ ಇದ್ದಿಲನ್ನು ಕೆಳಗಿಟ್ಟಳು. ಇನ್ನು ಮುಚ್ಚಿಡಲು ಆಗಲಿಲ್ಲ.

"ಏಪ್ರಿಲ್‌ನಲ್ಲೇ ಬಂದಿತ್ತು. ಮೂರನೇ ಶನಿವಾರ. ನಾನೇ ಅಳಿಸಿದೆ."

"ಯಾಕ?"

"ಮುಗಿದ್ರೆ ನೀವು ಬರಲ್ಲ ಅಂತ."

ಅವನು ಅವಳತ್ತ ತಿರುಗಿ ನೋಡಿದ. ಇಂಥ ಮಾತಿಗಾಗಿ ಎಷ್ಟೋ ಶನಿವಾರ ಕಾದಿದ್ದವನಂತೆಯೂ, ಅದೇ ಮಾತಿನಿಂದ ಏಟು ತಿಂದವನಂತೆಯೂ ಇತ್ತು ಅವನ ನೋಟ.

"ಒಮ್ಮೆ ಮಣ್ಣಿಗೆ ಹೋಗಲಿಲ್ಲ ನಾನು," ಎಂದ. "ಇನ್ನೊಮ್ಮೆ, ಹಾಳ್ಯಾಗ ಬಂದ ಅವ್ವನ್ನ ನೋಡೂದೂ ತಪ್ಪಿತು."

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಜೋರಾಗಿ ಬಡಿದು ಹೋಗಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಎಂಟು ದಿನದ ಮೇಲೆ ಫೋನ್ ಬಂತು.

"ಆ ಹಾಳಿ ಒಗದ ಬಿಟ್ಟೀರೇನು?"

"ಇಲ್ಲ."

"ತಗೊಂಡು ಬರ್ರಿ. ಶನಿವಾರ ವರ್ಷದ ಕಾರ್ಯ, ಸೌತ್‌ಲೇಕ್‌ನಾಗ ಮಾವನ ಮನ್ಯಾಗ. ಅವತ್ತ ಸಂಜೀಕ ನನ್ನ ಫ್ಲೈಟ್."

ಇಡೀ ವಾರ ಬರೆದು, ಹಾಳೆಯನ್ನು ಹಲಗೆಗೆ ಕ್ಲಿಪ್ ಮಾಡಿ ತೊಡೆಯ ಮೇಲಿಟ್ಟುಕೊಂಡು ಅವಳು ಬಸ್ಸಿನಲ್ಲಿ ಡಾಲಸ್‌ಗೆ ಹೋದಳು. ಮಾವ ನೀಲಕಂಠಪ್ಪ ಕಾಶವ್ವನ ಒಡಹುಟ್ಟಿದ ತಮ್ಮ. ಪೂಜೆಯ ಮಣೆಯ ಹಿಂದೆ ಹಲಗೆ ನಿಲ್ಲಿಸಿ, ಕನ್ನಡಕ ಏರಿಸಿ ನೋಡಿದರು.

"ಕಣ್ಣು ಅಕ್ಕಂದ ಐತಿ. ಆದ್ರ ಹಣಿ ಬೋಳ ಯಾಕೈತ್ಯೋ? ಅಕ್ಕ ಒಂದಿನಾರ ವಿಭೂತಿ ಇಲ್ಲದ ನೀರು ಕುಡದಾಳೇನು?"

ಶ್ರೀಶೈಲನ ಮುಖ ಬಿಳಿಚಿತು. "ವೀಸಾ ಫೋಟೋಕ್ಕ ಸ್ಟುಡಿಯೋದಾಂವ ವಿಭೂತಿ ಒರಸಿದ್ದ. ಫೋನ್ ಮಾಡಿ ಬೈದಿದ್ಲು... ಮರ್ತೇ ಬಿಟ್ಟಿದ್ದೆ, ಮಾವಾ."

ಫೋಟೋದಲ್ಲಿ ಇಲ್ಲದ್ದನ್ನು ಮಧುರಾ ಕೇಳಿರಲಿಲ್ಲ. ಅವನು ಹೇಳಿರಲಿಲ್ಲ. ಆ ಹೆದರಿದ ಕಣ್ಣು ಕ್ಯಾಮೆರಾಗೆ ಹೆದರಿದ್ದಲ್ಲ, ಬರಿಹಣೆಗೆ. ಮೂರನೆಯ ಶನಿವಾರ ಅವಳ ಬೆರಳು ತಗುಲಿ ಬಿಳಿಚಿದ್ದೂ ಇದೇ ಹಣೆ.

"ಬಿಳಿ ಬಣ್ಣ ಐತೇನ್ರಿ?" ಎಂದು ಶ್ರೀಶೈಲ್ ಅವಳನ್ನು ಕೇಳಿದ.

"ಬೇಡ. ನಿಮ್ಮ ಬೆರಳೇ ಸಾಕು. ಮೂರು ಬೆರಳಿಟ್ಟು ಎಳೀರಿ."

ಅವನು ಮೂರು ಬೆರಳನ್ನು ಚಿತ್ರದ ಹಣೆಗಿಟ್ಟ. ಎಡದಿಂದ ಬಲಕ್ಕೆ ಎಳೆದ. ಇದ್ದಿಲು ಸರಿದು ಹಾಳೆಯ ತಿಳಿ ಬೂದಿಬಣ್ಣ ಮೂರು ಗೆರೆಯಾಗಿ ಮೂಡಿತು.

"ಯಕ್ಕಾ," ಎಂದು ನೀಲಕಂಠಪ್ಪ ಕೈಮುಗಿದರು.

ಶ್ರೀಶೈಲ್ ಅಲ್ಲೇ ನೆಲಕ್ಕೆ ಕುಸಿದು, ವರ್ಷದಿಂದ ಅಳದೇ ಇದ್ದದ್ದನ್ನೆಲ್ಲ ಅತ್ತ. ಮಧುರಾ ಸಮಾಧಾನ ಹೇಳಲಿಲ್ಲ. ಆ ಹಕ್ಕನ್ನು ತಾನೇ ಒರೆಸಿ ಹಾಕಿಕೊಂಡಿದ್ದಳು.

ಪೂಜೆ, ಊಟ ಮುಗಿದವು. ಇದ್ದಿಲು ಉದುರದಂತೆ ಹೊಡೆಯುವ ಸ್ಪ್ರೇಯನ್ನು ಮಧುರಾ ಆಸ್ಟಿನ್‌ನಲ್ಲೇ ಬಿಟ್ಟು ಬಂದಿದ್ದಳು. ನೀಲಕಂಠಪ್ಪನವರ ಹೆಂಡತಿಯ ಹೇರ್‌ಸ್ಪ್ರೇ ಕೇಳಿ ತಂದಳು. ಹಾಗೇ ಬಿಟ್ಟರೆ ಗದಗ ಮುಟ್ಟುವಷ್ಟರಲ್ಲಿ ಮುಖ ಮಸುಕಾಗುತ್ತದೆ, ತಿದ್ದಲು ಅವನು ಅವಳನ್ನೇ ಕರೆಯಬೇಕಾಗುತ್ತದೆ. ಆ ಆಸೆ ಒಂದು ಗಳಿಗೆ ಸುಳಿಯಿತು. ಅವಳು ಉಸಿರು ಹಿಡಿದು ಹಾಳೆಯ ಅಂಚಿನಿಂದ ಅಂಚಿಗೆ ಸ್ಪ್ರೇ ಮಾಡಿದಳು.

"ಇನ್ನು ಇದನ್ನ ಯಾರೂ ಅಳಿಸೋಕಾಗಲ್ಲ. ನಾನೂನೂ."

ಕಾರಿನ ಬಳಿ ಅವನು ನಿಂತ.

"ಚಿತ್ರ ಮುಗೀತು. ಇನ್ನ ನಿಮ್ಮನ್ನ ನೋಡಬೇಕಂದ್ರ ಏನ್ ನೆಪ ಹೇಳಲಿ?"

"ನೆಪ ಸಾಕು. ನೆಪದಿಂದಾನೇ ಇಷ್ಟೆಲ್ಲ ಆಗಿದ್ದು."

"ಸಿಟ್ಟು ಇನ್ನೂ ಐತ್ರಿ, ಮಧುರಾ."

"ಇರಲಿ."

"ಪ್ರೀತೀನೂ ಐತಿ. ಎರಡೂ ಹೊತ್ಕೊಂಡು ಹೊಂಟೀನಿ. ಯಾವುದು ಮೊದಲ ಹಗರಾಗ್ತೈತಿ, ಗೊತ್ತಿಲ್ಲ."

ಅವನು ಅವಳ ಮುಂಗೈ ಹಿಡಿದ. ಅವನ ಬೆರಳಿನ ಇದ್ದಿಲು ಇನ್ನೂ ಪೂರ್ತಿ ಹೋಗಿರಲಿಲ್ಲ. ಮತ್ತೆ ಬಿಟ್ಟ. ಬೆರಳಿದ್ದಲ್ಲಿ ಕಪ್ಪು ಗೆರೆಗಳು ಉಳಿದವು. ಮಾವ ಹಾರ್ನ್ ಹೊಡೆದರು.

ಸೋಮವಾರ ಎಂಟಕ್ಕೆ ಟೀಚರ್ ಕೇಳಿದರು. ಶನಿವಾರ ಒಂದು ಮುಖ ಬರೆದೆ, ಎಂದಳು ಮಧುರಾ. ಉಳಿದದ್ದನ್ನು ಕ್ಲಾಸೇ ನಗುತ್ತಾ ಹೇಳಿಬಿಟ್ಟಿತು: ಇನ್ನೂ ಮುಗಿದಿಲ್ಲ!

"ಇಲ್ಲ, ಮುಗಿಯಿತು," ಎಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ನಿಲ್ಲುವವರೆಗೂ ಅವಳು ಶನಿವಾರದಿಂದ ನೀರು ಸೋಕಿಸದ ಮುಂಗೈಯ ಮೇಲಿನ ಕಪ್ಪು ಗೆರೆಗಳನ್ನು ಇನ್ನೊಂದು ಕೈಯಿಂದ, ಒರೆಸಿಹೋಗದ ಹಾಗೆ ಮೆಲ್ಲಗೆ ಮುಚ್ಚಿಕೊಂಡು ನಿಂತಿದ್ದಳು.