ಮುಚ್ಚಳದವನು

ಅಜ್ಜಿ ಹೇಳಿದ್ದನ್ನು, ಪುಸ್ತಕದ ಚಿತ್ರಗಳಿಗೆ ಬಣ್ಣ ತುಂಬಲು ಬಂದಿದ್ದ ಬಣ್ಣದವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟಳು. ಅವರು ಹೇಳಿದ್ದಾದರೂ ಏನು ಮಹಾ? ಚಿತ್ರದಲ್ಲಿ ಗೆರೆಯ ಸಂದು ಮುಚ್ಚಬೇಡ ಅಂತ, ಅಷ್ಟೇ.

"ಬಣ್ಣ ಎಷ್ಟು ಬೇಕಾದ್ರೂ ತುಂಬಮ್ಮ. ಆದ್ರೆ ನಮ್ಮನೆಯವರು ಎಲ್ಲೆಲ್ಲಿ ಗೆರೆ ಕೂಡಿಸದೆ ಸಂದು ಬಿಟ್ಟಿದಾರೋ ಅಲ್ಲಿಗೆ ಕೈ ಹಾಕ್ಬೇಡ. ಮುಚ್ಚಿದ್ರೆ ಅವನಿಗೆ ಮೈ ಬರುತ್ತೆ."

ಅವನೆಂದರೆ ಯಾರೆಂದು ಕೇಳಿದಾಗ ಅಜ್ಜಿ ಗೋಡೆಯ ಕಡೆ ಗಲ್ಲ ಎತ್ತಿದರು. ಅಲ್ಲಿ ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಹಾಳೆಗಳು. ಅಜ್ಜಿಯ ಗಂಡ, ತೀರಿಕೊಂಡ ಚಿತ್ರಗಾರರ ಕೊನೆಯ ಪುಸ್ತಕ. ಎಲ್ಲ ಹಾಳೆಯಲ್ಲೂ ಒಬ್ಬನೇ ನಿಂತಿದ್ದ: ಗಿಡ್ಡ, ದಪ್ಪ, ಹೆಗಲಿಗೊಂದು ಚೀಲ. ಮುಖವಿರಬೇಕಾದ ಕಡೆ ಪಾತ್ರೆಯ ಮುಚ್ಚಳ, ಮೂಗಿನ ಜಾಗದಲ್ಲಿ ಅದರ ಹಿಡಿ.

ಆ ಚಿತ್ರಗಾರರು ನಲವತ್ತು ವರ್ಷ ಮಕ್ಕಳ ಪುಸ್ತಕಗಳಿಗೆ ಇಂಥದ್ದೇ ಬರೆದವರು. ಹಲ್ಲಿರುವ ಏಣಿ, ಹೊಟ್ಟೆಯಲ್ಲಿ ಮೇಜಿನ ಖಾನೆಗಳಿರುವ ಹುಡುಗಿ, ಬಾಯೊಳಗೆ ಮೆಟ್ಟಿಲಿಳಿದು ಹೋಗುವ ಮೀನು. ಇದೇನು ಮಕ್ಕಳಿಗೆ ಕೊಡುವಂಥದ್ದೇ ಎಂದು ತಾಯಂದಿರು ಪ್ರಕಾಶಕರ ತಲೆ ತಿನ್ನುತ್ತಿದ್ದರು. ಮಕ್ಕಳು ಮಾತ್ರ ಆ ಪುಸ್ತಕಗಳನ್ನು ತಬ್ಬಿಕೊಂಡೇ ಮಲಗುತ್ತಿದ್ದರು. ಒಂದೊಂದು ಚಿತ್ರದಲ್ಲೂ ಗೆರೆ ಎಲ್ಲೋ ಒಂದು ಕಡೆ ತುಂಡಾಗಿರುತ್ತದೆ ಎಂಬುದು ಮಕ್ಕಳಿಗೆ ಗೊತ್ತಿತ್ತು. ಅದನ್ನು ಬೆರಳಿಟ್ಟು ಹುಡುಕುವುದೇ ಅವರಿಗೊಂದು ಆಟ.

ಅಜ್ಜಿಯ ಪ್ರಕಾರ ಅದು ಆಟವಲ್ಲ. ಗಂಡ ಹರೆಯದಲ್ಲಿದ್ದಾಗ ಅವರಿಂದಾಗಿ ಕೆಲಸ ಕಳೆದುಕೊಂಡ ಇನ್ನೊಬ್ಬ ಚಿತ್ರಗಾರ ಮಾಟ ಮಾಡಿಸಿ ಒಂದು ಬಾಟಲಿ ಮಸಿ ಉಡುಗೊರೆ ಕಳಿಸಿದನಂತೆ. ಅದರಲ್ಲಿ ಪೆನ್ನು ಅದ್ದಿದ ದಿನದಿಂದ ಯಾವ ಚಿತ್ರ ಬರೆದರೂ ಮೂಲೆಯಲ್ಲಿ ಇವನು ಬಂದು ನಿಲ್ಲುತ್ತಿದ್ದನಂತೆ. ಮಸಿ ಬದಲಾಯಿಸಿದರೂ ಬಂದ, ಹಾಳೆ ಸುಟ್ಟರೂ ಬಂದ. ತೆರೆದದ್ದನ್ನೆಲ್ಲ ಮುಚ್ಚುವುದೊಂದೇ ಅವನ ಕಸುಬು. ಅವನನ್ನು ಪೂರ್ತಿ ಬರೆಯದೆ ಬಿಡುವುದೊಂದೇ ಚಿತ್ರಗಾರರಿಗೆ ಉಳಿದ ದಾರಿ. ಈ ಕೊನೆಯ ಪುಸ್ತಕದ ಕತೆಯಲ್ಲಿ ಅವನು ತನ್ನದೇ ಗೆರೆಯ ಸಂದಿನಿಂದ ಹೊರಟುಹೋಗುತ್ತಾನೆ. ಹಾಗೇ ಅಚ್ಚಾದರೆ ಶಾಶ್ವತವಾಗಿ ತೊಲಗುತ್ತಾನೆ.

"ಅವರೂ ಒಂದ್ಸಲ ಮುಚ್ಚಿ ನೋಡಿದ್ರು," ಎಂದ ಅಜ್ಜಿ ಅಲ್ಲಿಗೇ ನಿಲ್ಲಿಸಿ, ಬಲಗಡೆಯ ಕೂದಲನ್ನು ಕೆನ್ನೆಯ ಮೇಲಕ್ಕೆ ಎಳೆದುಕೊಂಡರು. ಅವರು ಯಾವಾಗಲೂ ಎಡಗಿವಿ ಕೊಟ್ಟೇ ಮಾತು ಕೇಳುತ್ತಿದ್ದರು.

ಪಾಪ, ವಯಸ್ಸಾಯಿತು, ಅರಳುಮರುಳು ಎಂದುಕೊಂಡು ಬಣ್ಣದವಳು ಹೂಂಗುಟ್ಟಿದಳು. ಅಜ್ಜಿ ಹಾಳೆಗಳನ್ನು ಮನೆಯಿಂದ ಹೊರಗೆ ಬಿಡದ ಕಾರಣ ಲ್ಯಾಪ್‌ಟಾಪು, ಸ್ಕ್ಯಾನರು ಎರಡನ್ನೂ ಹೊತ್ತು ಇಲ್ಲಿಗೆ ಬರಬೇಕಾಗಿತ್ತು. ಜೊತೆಗೆ ಮಗಳನ್ನೂ. ಐದು ವರ್ಷದ ಹುಡುಗಿಯನ್ನು ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದದ್ದು ತಾಯಿ ಮಗಳು ಇಬ್ಬರೇ. ಮಗಳಿಗೆ ಎಲ್ಲರೂ ಪಟಾಕಿ ಎನ್ನುತ್ತಿದ್ದರು. ಬಾಯಿಗೆ ಬಿಡುವೇ ಇಲ್ಲ. ನಿದ್ದೆಯಲ್ಲೂ ಯಾರ ಜೊತೆಗೋ ಜಗಳ.

ಊಟ ಮುಗಿಸಿ ಅಜ್ಜಿ ಒಳಗೆ ಮಲಗಿದರು. ಬಣ್ಣದವಳು ಚಿತ್ರಗಾರರ ಕೋಣೆಯಲ್ಲಿ ಕೆಲಸ ಶುರು ಮಾಡಿದಳು. ಮೊದಲ ಹಾಳೆಯಲ್ಲೇ ತಲೆನೋವು. ಸ್ಕ್ಯಾನ್ ಮಾಡಿ ಪರದೆಯ ಮೇಲೆ ಮುಚ್ಚಳದವನ ಕೋಟಿಗೆ ನೀಲಿ ಹಾಕಲು ಒತ್ತಿದರೆ ನೀಲಿ ಗೆರೆಯ ಸಂದಿನಿಂದ ಸೋರಿ ಆಕಾಶ, ರಸ್ತೆ, ಮಕ್ಕಳ ಮುಖ, ಎಲ್ಲವನ್ನೂ ನುಂಗಿಬಿಟ್ಟಿತು. ಗೆರೆ ಕೂಡದಿದ್ದರೆ ಬಣ್ಣ ನಿಲ್ಲುವುದಿಲ್ಲ. ಕಂಪ್ಯೂಟರಿಗೆ ಅಜ್ಜಿಯ ಕತೆ ಎಲ್ಲಿ ಗೊತ್ತು?

ಪರದೆಯ ಮೇಲೆಯೇ ಸಂದು ಮುಚ್ಚಿ ನೋಡಿದಳು. ಮುದುಕರ ನಡುಗುವ ಗೆರೆಗೆ ಅದು ಹೊಂದಲಿಲ್ಲ. ಹಳೇ ಬಟ್ಟೆಗೆ ಹೊಸ ತೇಪೆ ಹಾಕಿದ ಹಾಗೆ ಕಾಣಿಸಿತು. ತನ್ನ ಕೆಲಸದಲ್ಲಿ ಹುಳುಕು ಉಳಿಯುವುದು ಅವಳಿಗೆ ಆಗದ ಮಾತು. ಹಾಳೆಯ ಮೇಲೆಯೇ, ಮುದುಕರದ್ದೇ ಪೆನ್ನಿನಿಂದ, ಅವರದ್ದೇ ಮಸಿಯಿಂದ ಕೂಡಿಸಿಬಿಟ್ಟರೆ? ಬ್ರಹ್ಮ ಬಂದರೂ ಪತ್ತೆ ಹಚ್ಚಲಾರ. ಮೇಜಿನ ಖಾನೆಯನ್ನು ತಡಕಾಡಿದಾಗ ಹಿಂದುಗಡೆ, ಹಳೇ ಬ್ಲೇಡೊಂದರ ಪಕ್ಕ, ಬಟ್ಟೆಯಲ್ಲಿ ಸುತ್ತಿಟ್ಟ ಪುಟ್ಟ ಬಾಟಲಿ ಸಿಕ್ಕಿತು. ಬಿರಡೆ ತೆಗೆದೊಡನೆ ಸುಟ್ಟ ಕೂದಲಿನ, ತುಕ್ಕಿನ, ಎಂದೂ ಬಿಸಿಲು ಕಾಣದ ನೆಲದ ವಾಸನೆ ಮೂಗಿಗೆ ಬಡಿಯಿತು. ಹಳೇ ಮಸಿ ಇನ್ನು ಹೇಗಿರುತ್ತದೆ ಎಂದುಕೊಂಡಳು.

ಪಟಾಕಿ ಬಂದು ಗೆರೆ ತುಂಡಾದ ಕಡೆ ಬೆರಳಿಟ್ಟಳು.

"ಅಮ್ಮ, ಇದು ಅವನು ಹೋಗೋ ಬಾಗಿಲು. ಮುಚ್ಚಿದ್ರೆ ಎಲ್ಲಿಂದ ಹೋಗ್ತಾನೆ?"

"ಬೆರಳು ತೆಗಿ, ಮಸಿಯಾಗುತ್ತೆ. ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರು, ಬಂಗಾರ."

ಅವಳು ಒಂದೊಂದೇ ಸಂದು ಮುಚ್ಚುತ್ತ ಹೋದಳು. ಬಾವಿಯ ಬಾಯಿ, ಕಿಟಕಿಯ ಚೌಕಟ್ಟು, ಹಾಡುವ ಮಕ್ಕಳ ತುಟಿ. ಮುಗಿದ ಹಾಳೆಗಳನ್ನು ಒಣಗಲು ನೆಲದ ಮೇಲೆ ಹರಡಿದಳು. ಮಗಳು ಮೇಜಿನ ಕೆಳಗೆ ಕೂತು ಯಾರಿಗೋ ಪಾಠ ಮಾಡುತ್ತಿದ್ದಳು. ಬೆನ್ನ ಹಿಂದೆ ಕಿಟಕಿ ದಡ್ಡೆಂದು ಮುಚ್ಚಿಕೊಂಡಿತು. ಗಾಳಿ ಇರಬೇಕು. ಬಾಯಾರಿ ನೀರಿನ ಬಾಟಲಿ ತಿರುಗಿಸಿದರೆ ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಬಿಗಿಯಾಗಿದೆ ಎಂದು ಪಕ್ಕಕ್ಕಿಟ್ಟಳು.

ಕಾಲಿಗೆ ಏನೋ ಚುಚ್ಚಿತು. ಮಗಳ ಕಿವಿಯೋಲೆ. ಕೊಂಡಿ ಹಾಕಿದ್ದು ಹಾಕಿದ ಹಾಗೇ ಇತ್ತು. ಬಗ್ಗಿ ಮಗಳ ಕಿವಿ ಹಿಡಿದು ನೋಡಿದಳು. ಚುಚ್ಚಿಸಿದ ತೂತು ಇರಲಿಲ್ಲ. ಗುರುತೂ ಇರಲಿಲ್ಲ. ಮೇಜಿನಡಿಯ ಕತ್ತಲಲ್ಲಿ ಕಣ್ಣು ಮೋಸ ಮಾಡಿರಬೇಕು, ಮನೆಗೆ ಹೋಗಿ ನೋಡಿದರಾಯಿತು ಎಂದುಕೊಂಡಳು. ಉಳಿದಿದ್ದದ್ದು ಒಂದೇ ಹಾಳೆ.

ಕೊನೆಯ ಹಾಳೆಯ ತುಂಬ ಅವನೊಬ್ಬನೇ. ಕಿವಿಯ ಹತ್ತಿರ ಗೆರೆಯಲ್ಲಿ ಬೆರಳಗಲ ಸಂದು ಬಿಟ್ಟಿತ್ತು. ಆ ಜಾಗದಲ್ಲಿ ಕಾಗದ ಒರಟಾಗಿತ್ತು. ಹಿಂದೊಮ್ಮೆ ಅಲ್ಲಿ ಗೆರೆ ಎಳೆದು, ಆಮೇಲೆ ಬ್ಲೇಡಿನಿಂದ ಕೆರೆದು ತೆಗೆದದ್ದು ಕಸುಬಿನವಳಿಗೆ ನೋಡಿದರೇ ತಿಳಿಯಿತು. ಆದರೂ ಪೆನ್ನು ಇಟ್ಟಳು. ಕಾಗದ ಮಸಿಯನ್ನು ಚೀಪಿಕೊಂಡಿತು. ಗೆರೆಗೆ ಗೆರೆ ಕೂಡಿತು.

ಮೇಜಿನ ಕೆಳಗಿನ ಪಾಠ ಅರ್ಧ ಮಾತಿಗೇ ನಿಂತಿತು.

ಪಟಾಕಿ ತಾನಾಗಿ ಸುಮ್ಮನಾದದ್ದು ಹುಟ್ಟಿದ ಮೇಲೆ ಇದೇ ಮೊದಲು. ತಾಯಿ ಬಗ್ಗಿದಳು. ಮಗಳು ಎರಡೂ ಕೈಯಿಂದ ಬಾಯಿ ಮುಟ್ಟಿಕೊಳ್ಳುತ್ತಿದ್ದಳು. ಅಲ್ಲಿ ಬಾಯಿ ಇರಲಿಲ್ಲ. ತುಟಿಗಳ ನಡುವಿನ ಗೆರೆ ಅಳಿಸಿಹೋಗಿ, ಕೆನ್ನೆಯಿಂದ ಕೆನ್ನೆಯವರೆಗೆ ಒಂದೇ ನುಣುಪು ಚರ್ಮ. ಮೂಗಿನ ಹೊಳ್ಳೆಗಳು ಕಿರಿದಾಗುತ್ತಿದ್ದವು. ಅದರೊಳಗಿಂದ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಕಣ್ಣು ಮಾತ್ರ ತಾಯಿಯನ್ನೇ ನೋಡುತ್ತಿತ್ತು, ಅಮ್ಮ ಸರಿಮಾಡುತ್ತಾಳೆ ಎಂಬ ನಂಬಿಕೆಯಿಂದ.

ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಓಡಿದಳು. ಚಿಲಕ ತಿರುಗಲಿಲ್ಲ. ಬೀಗದ ತೂತಿನ ಜಾಗದಲ್ಲಿ ಮರ ತುಂಬಿಕೊಂಡಿತ್ತು. "ಅಜ್ಜೀ," ಎಂದು ಗಂಟಲು ಹರಿಯುವಂತೆ ಕೂಗಿದಳು. ಒಳಗೆ ಮಲಗಿದ ಅಜ್ಜಿಯ ಒಳ್ಳೆ ಕಿವಿ ದಿಂಬಿಗೆ ಆನಿಕೊಂಡಿತ್ತೋ ಏನೋ, ಯಾರೂ ಬರಲಿಲ್ಲ. ಬಾಗಿಲಡಿಯ ಬೆಳಕಿನ ಎಳೆ ಸಣ್ಣದಾಯಿತು, ಕೂದಲಷ್ಟಾಯಿತು, ಆರಿತು. ಕಿಟಕಿಯ ಸಂದುಗಳೂ ಹಾಗೇ. ಹೊರಗೆ ಇನ್ನೂ ಮಧ್ಯಾಹ್ನದ ಬಿಸಿಲು. ಕೋಣೆಯಲ್ಲಿ ಉಳಿದದ್ದು ಲ್ಯಾಪ್‌ಟಾಪಿನ ಬೆಳಕೊಂದೇ.

ಆ ಬೆಳಕಿನಲ್ಲಿ ಕೊನೆಯ ಹಾಳೆ ಕಂಡಿತು. ಖಾಲಿ.

ಗಿಡ್ಡ ಕೈಯೊಂದು ಲ್ಯಾಪ್‌ಟಾಪಿನ ಮುಚ್ಚಳ ಮಡಚಿತು. ಟಪ್.

ಕತ್ತಲೆ. ಸುಟ್ಟ ಕೂದಲಿನ ವಾಸನೆ. ಚೀಲದೊಳಗೆ ಮುಚ್ಚಳಕ್ಕೆ ಮುಚ್ಚಳ ತಾಗುವ ಸದ್ದು. ಕಣಕಣ. ಹತ್ತಿರ. ಇನ್ನೂ ಹತ್ತಿರ. ಮಡಿಲಲ್ಲಿ ಮಗಳ ಸಿಳ್ಳೆಯುಸಿರು. ಅದಿರುವವರೆಗೆ ಮಗಳಿದ್ದಾಳೆ. ಕಿವಿಯನ್ನು ಅದರ ಮೇಲೇ ಇಟ್ಟಳು. ಮಗಳನ್ನು ಎದೆಗವಚಿಕೊಂಡು ಮಂಡಿಯೂರಿ ಮೇಜಿಗೆ ತೆವಳಿದಳು. ಖಾನೆ ಎಳೆದಳು. ಬ್ಲೇಡು ಬೆರಳನ್ನು ಕೊಯ್ದೇ ಸಿಕ್ಕಿತು. ಹಾಳೆಯಲ್ಲಿ ಅವನಿಲ್ಲ. ಅವಳು ಎಳೆದ ಗೆರೆ ಮಾತ್ರ ಬೆರಳಿಗೆ ಸಿಕ್ಕಿತು. ಒರಟು ಕಾಗದ. ಅದರ ಮೇಲೆ ಒದ್ದೆ ಮಸಿ. ಇಲ್ಲೇ. ಕೆರೆದಳು.

ಕಣಕಣ ನಿಂತಿತು.

ತಣ್ಣಗಿನ ಎರಡು ಕಬ್ಬಿಣದ ಬಿಲ್ಲೆಗಳು ಹಿಂದಿನಿಂದ ಬಂದು ಅವಳ ತಲೆಯ ಎರಡೂ ಬದಿಗೆ ಅಂಟಿಕೊಂಡವು. ಒತ್ತಿದವು. ಅವಳು ಕೆರೆದಳು. ಸಿಳ್ಳೆ ಸಣ್ಣದಾಯಿತು. ಕೆರೆದಳು. ಸಿಳ್ಳೆ ಎಳೆಯಷ್ಟಾಯಿತು. ಕಾಗದ ಹರಿಯಲಿ. ಕೈ ಹರಿಯಲಿ. ಸಿಳ್ಳೆ ನಿಂತುಹೋಯಿತು.

ಮಗಳು ಹೋದಳು. ಆದರೂ ಕೈ ನಿಲ್ಲಲಿಲ್ಲ. ಬ್ಲೇಡು ಗೆರೆಯನ್ನು ದಾಟಿ ಕಾಗದವನ್ನೇ ತೂತು ಮಾಡಿತು.

ಬೆಳಕು ಬಂತು. ಬಾಗಿಲಡಿಯಲ್ಲಿ, ಕಿಟಕಿಯ ಸಂದಿನಲ್ಲಿ. ಹಾಳೆಯ ಮೇಲೆ ಮುಚ್ಚಳದವನು ತನ್ನ ಜಾಗದಲ್ಲೇ ನಿಂತಿದ್ದ, ಕಿವಿಯ ಹತ್ತಿರ ಗೆರೆ ಹರಿದುಕೊಂಡು. ತಾಯಿ ಮಡಿಲ ಕಡೆ ನೋಡಲು ಹೆದರಿದಳು. ನೋಡಿದಳು.

ಪಟಾಕಿ ಬಾಯಿ ಪೂರ್ತಿ ತೆರೆದು ಅಳುತ್ತಿದ್ದಳು. ಹಲ್ಲು ಕಾಣುತ್ತಿತ್ತು, ಕಿರುನಾಲಿಗೆ ಕಾಣುತ್ತಿತ್ತು, ಕೊರಳ ನರ ಉಬ್ಬಿತ್ತು. ಸದ್ದಿರಲಿಲ್ಲ. ಒಂದು ಚೂರೂ ಇರಲಿಲ್ಲ.

"ಧ್ವನಿ ಬರ್ತಿಲ್ವಾ ಕಂದ?" ಎಂದು ಕೇಳಿದಳು. ಕೇಳಿದ್ದು ಅವಳಿಗೇ ಕೇಳಿಸಲಿಲ್ಲ.

ಬಾಗಿಲು ತೆರೆದು ಅಜ್ಜಿ ಬಂದರು. ನೆಲದ ಮೇಲಿನ ಹಾಳೆಗಳನ್ನು ನೋಡಿದರು, ಮಸಿ ಬಾಟಲಿಯನ್ನು ನೋಡಿದರು. ಪಕ್ಕದಲ್ಲಿ ಕೂತು ತಮ್ಮ ಬಲಗಡೆಯ ಕೂದಲನ್ನು ಮೇಲೆತ್ತಿ ತೋರಿಸಿದರು. ಅಲ್ಲಿ ಕಿವಿಯ ಹಾಲೆ ಇತ್ತು, ತೂತಿರಲಿಲ್ಲ. ಆಮೇಲೆ ಬಣ್ಣದವಳ ಎರಡೂ ಕೈ ಹಿಡಿದು ಅವಳವೇ ಕಿವಿಗಳ ಮೇಲೆ ಇಟ್ಟರು. ಎರಡೂ ಕಡೆ ನುಣ್ಣಗಿತ್ತು.

ಮಗಳ ಅಳು ನಿಂತು ಮಾತು ಶುರುವಾಗಿತ್ತು. ತುಟಿಗಳು ಪಟಪಟ ಆಡುತ್ತಿದ್ದವು, ಎಂದಿನಂತೆ, ಬಿಡುವೇ ಇಲ್ಲದೆ. ತಾಯಿ ಆ ತುಟಿಗಳನ್ನೇ ನೋಡುತ್ತ ಕೂತಳು. ಉತ್ತರ ಬಾರದ್ದಕ್ಕೆ ಹುಡುಗಿ ಮಡಿಲಲ್ಲೇ ಎದ್ದು ನಿಂತಳು, ತಾಯಿಯ ಮುಖವನ್ನು ಪಕ್ಕಕ್ಕೆ ತಿರುಗಿಸಿದಳು, ಪುಟ್ಟ ಬೆರಳನ್ನು ಕಿವಿಯ ಮೇಲಿಟ್ಟು ಸುತ್ತಲೂ ಮೆಲ್ಲಗೆ ಆಡಿಸತೊಡಗಿದಳು, ಎಲ್ಲಾದರೂ ಒಂದು ಕಡೆ ಬಿಟ್ಟಿದೆಯೇ ಎಂದು ಹುಡುಕುತ್ತ.