ಗೇಟಿನ ಮೇಲಿನ ಕೆಂಪು ಟವೆಲ್

ಕಥಾನಾಯಕಿ ಪ್ರಾಣ ಬಿಡುವ ಮುನ್ನ ಹೇಳುವ ಕೊನೆಯ ಮಾತು ಅದು. ಸಂಘಮಿತ್ರ ಕಣ್ಣು ಮುಚ್ಚಿಕೊಂಡು, ಮೈಕ್‌ಗೆ ಹತ್ತಿರ ಬಾಗಿ, ದನಿಯನ್ನು ಸಣ್ಣಗೆ ಮಾಡಿಕೊಂಡು ಓದಿದಳು.

"ನಾನು ಹೋದ ಮೇಲೆ... ನೀನು..."

ಅಷ್ಟರಲ್ಲಿ ಹೊರಗೆ ಯಾವುದೋ ಟೆಂಪೊದ ರಿವರ್ಸ್ ಹಾರ್ನ್ ಟಿಂಗ್ ಟಿಂಗ್ ಎಂದು ಹಾಡಲು ಶುರುಮಾಡಿತು.

ಬೆಳಗಿನಿಂದ ಆ ನಾಯಕಿ ಸಾಯಲು ಹೊರಟಾಗಲೆಲ್ಲ ಇದೇ ಆಗುತ್ತಿತ್ತು. ಸಂಘಮಿತ್ರಳಿಗೆ ರೇಗಿಹೋಯಿತು. ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ದಡದಡನೆ ಗೇಟಿಗೆ ಬಂದಳು.

"ರೀ, ಸ್ವಲ್ಪ ನಿಲ್ಲಿಸ್ತೀರಾ ಅದನ್ನ? ಒಳಗೆ ಒಬ್ಬಳು ನೆಮ್ಮದಿಯಾಗಿ ಸಾಯೋ ಹಾಗೂ ಇಲ್ಲ!"

ಟೆಂಪೊದಿಂದ ಇಳಿದ ಯುವಕನ ಮುಖ ಬಿಳಿಚಿಕೊಂಡಿತು. ಹಿಂದೆ ಮುಂದೆ ನೋಡದೆ ಗಾಡಿಯ ಹಿಂಬದಿ ತೆಗೆದು, ಟೊಮೆಟೊ ಸಸಿಯ ಟ್ರೇಗಳನ್ನು ಒಂದೊಂದಾಗಿ ನೆಲಕ್ಕಿಳಿಸತೊಡಗಿದ.

"ಜಾಗ ಮಾಡ್ತೀನಿ ಮೇಡಂ, ಆಸ್ಪತ್ರೆಗೆ ಹೋಗಣ. ಒಳಗಿಂದ ಹಿಡ್ಕೊಂಡು ಬನ್ನಿ ಅವ್ರನ್ನ."

ಸಂಘಮಿತ್ರ ಅವನನ್ನೇ ನೋಡಿದಳು. ಕೋಪ ಎಲ್ಲಿ ಹೋಯಿತೋ, ಗೇಟು ಹಿಡಿದುಕೊಂಡು ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಏನೂ ಅರ್ಥವಾಗದೆ ಅವನು ಟ್ರೇ ಹಿಡಿದುಕೊಂಡೇ ನಿಂತಿದ್ದ.

ಅವನ ಹೆಸರು ಅಂಬರೀಶ್. ನಂದಿ ರಸ್ತೆಯಲ್ಲಿ ತರಕಾರಿ ಸಸಿಯ ನರ್ಸರಿ ನಡೆಸುತ್ತಿದ್ದ. ಅವಳ ಮನೆ ಇದ್ದ ಬೀದಿಯ ಕೊನೆಯಲ್ಲಿ ಟ್ರೇಗಳನ್ನು ಇಡುವ ಶೆಡ್ಡೊಂದನ್ನು ಹೊಸದಾಗಿ ಬಾಡಿಗೆಗೆ ಹಿಡಿದಿದ್ದ. ಬೀದಿಗೆ ಇನ್ನೊಂದು ದಾರಿ ಇಲ್ಲದ್ದರಿಂದ ಬಂದಾಗಲೆಲ್ಲ ರಿವರ್ಸ್ ತೆಗೆಯಲೇಬೇಕು.

ಅವಳದು ಸ್ಟೋರಿ ಆ್ಯಪ್‌ಗಳಿಗೆ ಕಥೆ ಓದುವ ಕೆಲಸ. ಮೊದಲು ಬೆಂಗಳೂರಿನಲ್ಲಿದ್ದಳು. ಇಬ್ಬರು ಹುಡುಗಿಯರ ಜೊತೆ ಒಂದೇ ರೂಮು. ಅವರು ಮಲಗಿದ ಮೇಲೆ ಬೀರುವಿನೊಳಗೆ ತಲೆ ತೂರಿಸಿ ರೆಕಾರ್ಡ್ ಮಾಡಬೇಕಿತ್ತು. ಆ ರೂಮಿನ ಬಾಡಿಗೆಗೆ ಚಿಕ್ಕಬಳ್ಳಾಪುರದಲ್ಲಿ ಇಡೀ ಮನೆಯೇ ಸಿಕ್ಕಿತು. ಅಮ್ಮ ಗಂಗುಲಮ್ಮ ಮಂಚೇನಹಳ್ಳಿಯಲ್ಲಿ ಟೀಚರ್, ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಮಂಡಿನೋವಿನ ಅಜ್ಜಿ ಅಮ್ಮಾಜಮ್ಮನಿಗೆ ವರಾಂಡದ ಮಂಚ. ಒಳಗಿನ ರೂಮಿನ ಗೋಡೆಗೆಲ್ಲ ಹಳೆಯ ಕೌದಿ ಹೊಡೆದರೆ ಮೊಮ್ಮಗಳ ಸ್ಟುಡಿಯೋ. ಅಜ್ಜಿಗೆ ಗಂಜಿ ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕಿ, ಮೈಕ್ ಮುಂದೆ ಕೂತರೆ ಅವಳಿಗೆ ಲೋಕದಲ್ಲಿ ಬೇರೇನೂ ಬೇಡ.

ಬೇಡ ಎಂದರೆ... ಅದು ಪೂರ್ತಿ ನಿಜವಲ್ಲ ಬಿಡಿ. ಹಿಂದಿನ ವರ್ಷ ಒಂದು ಸಂಬಂಧ ಕೂಡಿಬಂದಿತ್ತು. ಮನೆಯಲ್ಲಿ ಕೂತು ಕಥೆ ಓದುವುದೂ ಒಂದು ಕೆಲಸವೇ? ಮದುವೆಯಾದ ಮೇಲೆ ನಿಲ್ಲಿಸಲಿ ಎಂದರು ಗಂಡಿನ ಕಡೆಯವರು. ಸಂಘಮಿತ್ರ ಬೇಡವೆಂದಳು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತಳು.

ಟೆಂಪೊದ ಹಾರ್ನಿನ ವಿಷಯ ಅರ್ಥವಾದ ಮೇಲೆ ಅಂಬರೀಶ್ ಹೆಗಲ ಮೇಲಿದ್ದ ಕೆಂಪು ಟವೆಲನ್ನು ಅವಳ ಗೇಟಿಗೆ ಕಟ್ಟಿದ.

"ಇದು ಕಟ್ಟಿದ್ರೆ ನೀವು ಓದ್ತಿದ್ದೀರಿ ಅಂತ. ಗಾಡಿನ ಮೇನ್ ರೋಡಲ್ಲೇ ನಿಲ್ಲಿಸಿ ಟ್ರೇ ಹೊತ್ಕೊಂಡು ಬರ್ತೀನಿ. ಆಯ್ತಾ?"

ಟವೆಲ್ಲಿನ ಸುದ್ದಿ ಬೀದಿಗೆಲ್ಲ ಹಬ್ಬಿತು. ಅದು ಕಂಡರೆ ಸೊಪ್ಪಿನವಳು ಕೂಗದೆ ಹೋಗುತ್ತಿದ್ದಳು. ಎದುರುಮನೆ ಶ್ಯಾಮಲಮ್ಮ ಕುಕ್ಕರ್ ಇಡುವುದನ್ನೇ ಮುಂದಕ್ಕೆ ಹಾಕುತ್ತಿದ್ದರು.

ಅಂಬರೀಶ್ ನರ್ಸರಿಯಲ್ಲಿ ಬೀಜ ಹಾಕುತ್ತಾ ಅವಳ ಕಥೆಗಳನ್ನೇ ಕೇಳತೊಡಗಿದ. ಕೇಳಿದ್ದನ್ನು ಗೇಟಿನಲ್ಲಿ ನಿಂತು ಅವಳೊಂದಿಗೆ ಚರ್ಚಿಸುವುದೂ ಶುರುವಾಯಿತು. ಆ ಸಾಯುವ ಹುಡುಗಿಯ ಕಥೆಯಲ್ಲಿ ಮಾತ್ರ ಕೊನೆಯ ಭಾಗ ಕೇಳಿರಲಿಲ್ಲ. ಧೈರ್ಯ ಸಾಲದು ಎನ್ನುತ್ತಿದ್ದ. ಹೀಗೇ ಮಾತಾಡುತ್ತಾ ಒಂದು ಸಂಜೆ, ಅಕ್ಕಪಕ್ಕ ಯಾರೂ ಇಲ್ಲದ್ದನ್ನು ನೋಡಿಕೊಂಡು, ನನ್ನನ್ನು ಮದುವೆಯಾಗ್ತೀರಾ ಎಂದು ಕೇಳಿಯೇಬಿಟ್ಟ.

ಹೂಂ ಎನ್ನಲು ತುಟಿ ಬಿಚ್ಚಿದವಳು ತಡೆದುಕೊಂಡಳು. ಹಿಂದಿನ ವರ್ಷದ ನೋವು ಇನ್ನೂ ಹಸಿಯಾಗಿತ್ತು.

"ಮದುವೆ ಆದ್ಮೇಲೂ ನಾನು ಓದ್ಬೇಕು. ಅಜ್ಜಿನ ಒಬ್ಬಳನ್ನೇ ಬಿಡೋಕಾಗಲ್ಲ. ಎರಡಕ್ಕೂ ನಿಮ್ಮಮ್ಮ ಒಪ್ತಾರಾ ಕೇಳಿ. ಫೋನಲ್ಲಿ ಬೇಡ... ಮನೆಗೆ ಬಂದು ಅಜ್ಜಿ ಎದುರಿಗೆ ಹೇಳಿ."

ಸಸಿ ನೆಡುವ ಕಾಲ, ಬೆಳಗ್ಗೆ ಸಂಜೆ ತೋಟಗಳಿಗೆ ಲೋಡ್ ಇರುತ್ತದೆ, ನಾಳೆ ಮಧ್ಯಾಹ್ನ ಊಟವಾದ ಮೇಲೆ ಖಂಡಿತ ಬರುತ್ತೇನೆ ಎಂದು ಹೇಳಿ ಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ವಾರ ಕಳೆಯಿತು. ಬೆಳಗ್ಗೆ ಓದು ಮುಗಿಸಿ ಟವೆಲ್ ಬಿಚ್ಚಿಟ್ಟು, ಊಟವಾದ ಮೇಲೆ ಅವಳು ಹೆಡ್‌ಫೋನ್ ಹಾಕಿಕೊಂಡು ಎಡಿಟಿಂಗ್‌ಗೆ ಕೂರುತ್ತಿದ್ದಳು. ಅಜ್ಜಿ ಕರೆದರೆ ಕೇಳಿಸಲೆಂದು ಒಂದು ಕಿವಿ ಖಾಲಿ. ಆ ಕಿವಿ ಕಾಯುತ್ತಿದ್ದುದು ಅಜ್ಜಿಯ ಕೂಗನ್ನಲ್ಲ, ಗೇಟಿನ ಸದ್ದನ್ನು. ಅವರಮ್ಮ ಒಪ್ಪಿರಲ್ಲ... ಅದನ್ನು ಹೇಳೋಕೂ ಮುಖ ಇಲ್ಲ ಅವನಿಗೆ. ನಾನೇಕೆ ಇಷ್ಟು ಆಸೆ ಇಟ್ಟುಕೊಂಡೆ?

ಆ ವಾರ ಅವಳು ಓದಿದ ತಮಾಷೆಯ ಕಥೆ ಕೇಳಿ, ಯಾಕಮ್ಮ ಹುಷಾರಿಲ್ವಾ ಎಂದು ಶ್ಯಾಮಲಮ್ಮ ವಿಚಾರಿಸಿದರು.

ಎಂಟನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಸೆಖೆ ತಡೆಯದೆ ಸಂಘಮಿತ್ರ ಹೊರಗೆ ಬಂದಳು. ಬೀದಿಯಲ್ಲಿ ಒಂದೂ ಸದ್ದಿಲ್ಲ. ಅಜ್ಜಿ ಮಂಚದ ಮೇಲೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಗೇಟಿನ ಮೇಲೆ ಕೆಂಪು ಟವೆಲ್ ನೇತಾಡುತ್ತಿತ್ತು!

"ಅಜ್ಜಿ, ಇದನ್ಯಾರು ಕಟ್ಟಿದ್ದು? ನಾನೀಗ ಓದ್ತಿಲ್ವಲ್ಲ."

ಗೊರಕೆ ನಿಂತಿತು. ಅಜ್ಜಿ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು.

"ಅದು ಕಟ್ಟಿದ್ರೆ ಬೀದಿ ಬಾಯಿ ಮುಚ್ಕೊಂಡಿರುತ್ತೆ ಕಣೇ. ಒಂದು ವಾರದಿಂದ ಎಂಥಾ ನಿದ್ದೆ ಬರ್ತದೆ ಗೊತ್ತಾ ನನಗೆ?"

ಒಂದು ವಾರ! ಸಂಘಮಿತ್ರ ತಿರುಗಿ ನೋಡಿದಳು. ಬೀದಿಯ ತುದಿಯಲ್ಲಿ, ಮೇನ್ ರೋಡಿನ ಹೊಂಗೆ ಮರದಡಿ ಟೆಂಪೊ ನಿಂತಿತ್ತು. ಅದಕ್ಕೊರಗಿ ನಿಂತಿದ್ದವನು ಟವೆಲನ್ನು ಇನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಗಾಡಿ ಹತ್ತಲು ಹೊರಟಿದ್ದ.

ಚಪ್ಪಲಿ ಹಾಕಿಕೊಳ್ಳಲೂ ನೆನಪಾಗಲಿಲ್ಲ ಅವಳಿಗೆ. ಸುಡುವ ರಸ್ತೆಯಲ್ಲಿ ಓಡಿಹೋಗಿ ಟೆಂಪೊದ ಬಾಗಿಲು ಹಿಡಿದಳು.

"ದಿನಾ ಬರ್ತಿದ್ರಾ?"

"ಬರ್ತಿದ್ದೆ." ಅವನು ಪಿಸುಗುಟ್ಟಿದ. "ಟವೆಲ್ ಇರ್ತಿತ್ತು. ಇವತ್ತೊಂದಿನ ಕೆಲಸ ಇರ್ಬಹುದು ಅನ್ಕೊಂಡೆ. ಆಮೇಲೆ... ಸರಿಯಾಗಿ ನಾನು ಬರೋ ಹೊತ್ತಿಗೇ ಕಟ್ತಿದ್ದೀರಿ ಅಂದ್ರೆ ಇಷ್ಟ ಇಲ್ಲ ಅಂತ ತಾನೆ?"

"ಯಾಕ್ರೀ ಪಿಸುಗುಟ್ತಿದ್ದೀರಿ?"

"ಟವೆಲ್ ಇನ್ನೂ ಅಲ್ಲೇ ಇದೆಯಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅವನ ಕೈ ಹಿಡಿದು ಗೇಟಿನ ತನಕ ಎಳೆದುಕೊಂಡು ಬಂದಳು. ಟವೆಲ್ ಬಿಚ್ಚಿ ಅವನ ಹೆಗಲಿಗೆ ಹಾಕಿದಳು.

"ಅಜ್ಜಿ ನಿದ್ದೆಗೆ ಕಟ್ಟಿದ ಟವೆಲ್ ಇದು. ಈಗ ಹೇಳಿ. ಜೋರಾಗಿ ಹೇಳಿ."

ಅಂಬರೀಶ್ ಗಂಟಲು ಸರಿಮಾಡಿಕೊಂಡ. "ನಮ್ಮನೆ ಗೇಟಿಗೆ ಒಂದು ಕೊಕ್ಕೆ ಹಾಕ್ಸಿದೀನಿ. ಟವೆಲ್ ಕಟ್ಟೋಕೆ."

ಅವಳು ಮತ್ತೆ ಅವನ ಕೈ ಹಿಡಿದಳು.

"ಅಮ್ಮನೇ ಹಾಕ್ಸು ಅಂದ್ರು. ನೀವು ಓದೋವಾಗ ಮಿಕ್ಸಿ ಹಾಕಲ್ವಂತೆ, ಚಟ್ನಿ ಮುಂಚೇನೇ ರುಬ್ಬಿ ಇಡ್ತಾರಂತೆ. ಅಜ್ಜಿನ ಬೆಳಗ್ಗೆ ನಾನೇ ಗಾಡೀಲಿ ಕರ್ಕೊಂಡು ಬರ್ತೀನಿ, ಸಂಜೆ ನಿಮ್ಮಮ್ಮ ಬರೋ ಹೊತ್ತಿಗೆ ಇಲ್ಲಿ ಬಿಡ್ತೀನಿ. ಮಿತ್ರಾ, ನಿನ್ನ ದನಿ ಕೇಳ್ದೆ ನನಗೆ ದಿನ ಹೋಗಲ್ಲ."

ಎದುರುಮನೆಯ ಕಿಟಕಿ ತೆರೆದುಕೊಂಡಿತು. ಸಂಘಮಿತ್ರ ಅದನ್ನು ನೋಡಿಯೂ ಅವನ ಕೈ ಬಿಡಲಿಲ್ಲ.

"ಏನಪ್ಪಾ," ಮಂಚದಿಂದ ಅಜ್ಜಿಯ ದನಿ ಬಂತು, "ನಿಮ್ಮನೇಲಿ ಮಧ್ಯಾಹ್ನ ಮಲಗಕ್ಕೆ ಬಿಡ್ತೀರಾ?"

"ನಿಮಗೇ ಬೇರೆ ಟವೆಲ್ ತರ್ತೀನಿ ಅಜ್ಜಿ."

ಆ ಉತ್ತರ ಸಾಕಾಯಿತು ಎಂಬಂತೆ ಅಜ್ಜಿ ಗೋಡೆಯ ಕಡೆ ಮಗ್ಗುಲಾದಳು.

ಕರೆಂಟು ಇನ್ನೂ ಬಂದಿರಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಸಂಘಮಿತ್ರ ಫೋನ್ ತೆಗೆದು ಹೆಡ್‌ಫೋನಿನ ಒಂದು ಕಡೆಯನ್ನು ಅವನ ಕಿವಿಗೆ ಹಿಡಿದಳು.

"ಆ ಕಥೆ ಕೊನೇ ಭಾಗ ಈಗ ಕೇಳೋಣ."

"ನೀನು ಸಾಯ್ತೀಯಲ್ಲ ಅದರಲ್ಲಿ..."

"ಸತ್ರೆ ಏನೀಗ? ಪಕ್ಕದಲ್ಲೇ ಇದ್ದೀನಲ್ಲ ರೀ."